ಊರ ತರುಣರ ಬಿಡುವು



ಸಂಜೆ ಆರರ ವೇಳೆಗೆ ನಮ್ಮ ನಾಡಿನ ಯಾವ ತಾಲ್ಲೂಕು ಪಟ್ಟಣವನ್ನು ಹೊಕ್ಕರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಕೆರೆಯ ಏರಿಯ ಮೇಲೆ, ಸೇತುವೆಯ ಕಟ್ಟೆಯ ಮೇಲೆ, ಬಸ್ಸು ನಿಲ್ಲುವೆಡೆಯ ಅಂಗಡಿಗಳ ಜಗಲಿಯ ಮೇಲೆ ಹದಿನಾರರಿಂದ ಇಪ್ಪತ್ತೈದರ ವಯಸ್ಸಿನ ತರುಣರು ಸಾಲಾಗಿ ಕುಳಿತಿರುತ್ತಾರೆ. ಅವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಹಗಲಿನ ಕೆಲಸ ಮುಗಿದಿದೆ, ರಾತ್ರಿಯ ಊಟಕ್ಕೆ ಇನ್ನೂ ಹೊತ್ತಿದೆ; ನಡುವಣ ಎರಡು ಮೂರು ಗಂಟೆಗಳನ್ನು ಕಳೆಯುವುದಕ್ಕೆ ಆ ಊರಿನಲ್ಲಿ ಬೇರೆ ಎಡೆಯಿಲ್ಲ. ಅದೇ ವಯಸ್ಸಿನ ಹೆಣ್ಣುಮಕ್ಕಳು ಮಾತ್ರ ಆ ಸಾಲಿನಲ್ಲಿ ಕಾಣುವುದಿಲ್ಲ. ಅವರ ಬಿಡುವು ಎಲ್ಲಿ ಹೇಗೆ ಕಳೆಯುತ್ತದೆಂದು ಕೇಳುವವರೂ ವಿರಳ.

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ, ಒಪ್ಪಂದಗಳ ಕಲಮು ಎಂದು ತಿಳಿದಿರುವವರಿಗೆ ಈ ಸಂಜೆಯ ನೋಟವು ಚರಿತ್ರೆಯ ವಸ್ತುವೆಂದು ತೋರಲಾರದು. ಆದರೆ ಒಂದು ಊರು ತನ್ನ ಹಗಲನ್ನು ಹೇಗೆ ದುಡಿಯಿತೆಂಬುದರಿಂದ ಅದರ ಸಂಪತ್ತನ್ನು ಅಳೆಯಬಹುದಾದರೆ, ಸಂಜೆಯನ್ನು ಹೇಗೆ ಕಳೆಯಿತೆಂಬುದರಿಂದ ಅದರ ಸಂಸ್ಕಾರವನ್ನು ಅಳೆಯಬಹುದೆಂದು ನಾವು ಬಲ್ಲೆವು. ತರುಣರ ಬಿಡುವು ಯಾರ ಹೊಣೆ? ಅರಸನದೆ, ಕೇರಿಯದೆ, ಮುಂದಾಳಾದ ಒಬ್ಬ ಮಹನೀಯನದೆ, ಇಲ್ಲವೆ ಸರ್ಕಾರದ್ದೆ? ಈ ಪ್ರಶ್ನೆಗೆ ಕನ್ನಡ ನಾಡು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರವನ್ನು ಕೊಟ್ಟಿದೆ. ಆ ಉತ್ತರಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡುವುದೇ ಈ ಭಾಷಣದ ಉದ್ದೇಶ.

ಮೊದಲು ಅರಸರ ಕಾಲವನ್ನು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಸುಮಾರಿನಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶವನ್ನು ರಚಿಸಿದನು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು ಅದರಲ್ಲಿವೆ. ರಾಜ್ಯವನ್ನು ಗಳಿಸುವ, ಉಳಿಸಿಕೊಳ್ಳುವ ಬಗೆಯನ್ನು ಹೇಳಿದ ಮೇಲೆ ಗ್ರಂಥಕರ್ತನು ಭೋಗವನ್ನೂ, ವಿನೋದವನ್ನೂ, ಕ್ರೀಡೆಯನ್ನೂ ಅಷ್ಟೇ ಗಂಭೀರವಾಗಿ ವಿವರಿಸಿದ್ದಾನೆ. ಮಲ್ಲರ ಕಾಳಗವು ಅಲ್ಲಿ ಒಂದು ವಿನೋದ. ಮಲ್ಲರಲ್ಲಿ ತರಗತಿಗಳುಂಟು, ಅವರ ಆಹಾರ, ಅವರ ಅಭ್ಯಾಸ, ಕಣದ ಸಿದ್ಧತೆ ಎಲ್ಲಕ್ಕೂ ನಿಯಮವುಂಟು. ಆದರೆ ಒಂದನ್ನು ನಾವು ಗಮನಿಸಬೇಕು. ಆ ವಿನೋದವು ಮಲ್ಲನದಲ್ಲ, ನೋಡುವ ಅರಸನದು. ಮಲ್ಲನಿಗೆ ಅದು ವೃತ್ತಿ. ಊರ ಜನಕ್ಕೆ ಅದು ದೂರದಿಂದ ಕೇಳಿಬರುವ ಗದ್ದಲ.

ಇದಾದ ನಾಲ್ಕು ಶತಮಾನಗಳ ಮೇಲೆ, 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್‌ನು ಕೃಷ್ಣದೇವರಾಯನ ಬೆಳಗಿನ ಸಾಧನೆಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತೀಡಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ತಿರುವಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಯಾಡಿ, ಆ ಬಳಿಕ ಕುದುರೆಯೇರುತ್ತಿದ್ದನಂತೆ. ಇಲ್ಲಿ ಅರಸನು ನೋಡುವವನಾಗಿ ಉಳಿದಿಲ್ಲ, ತಾನೇ ಮಣ್ಣಿಗಿಳಿದಿದ್ದಾನೆ. ಈ ಸಾಧನೆಯ ಪದ್ಧತಿ ಅರಮನೆಯ ಗೋಡೆಯೊಳಗೇ ಉಳಿಯಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಮುಂದುವರಿಸಿದ ಕಾಲದಿಂದ ದಸರೆಯೊಡನೆ ಜಟ್ಟಿ ಕಾಳಗವೂ ಮೈಸೂರಿನ ಪಾಲಿಗೆ ಬಂದಿತು. ಮೈಸೂರಿನಿಂದ ಸುತ್ತಣ ಪಟ್ಟಣಗಳಿಗೆ ಗರಡಿಯ ಬಳಕೆ ಬೇರುಬಿಟ್ಟಿತು.

ಗರಡಿಯನ್ನು ನೋಡದವರು ನಗರದ ಶ್ರೋತೃಗಳಲ್ಲಿ ಅನೇಕರಿರಬಹುದು. ಅದೊಂದು ತಗ್ಗಾದ ಮನೆ. ಬಾಗಿಲು ಎಷ್ಟು ಚಿಕ್ಕದೆಂದರೆ ಎಂಥ ಪೈಲ್ವಾನನಾದರೂ ತಲೆ ಬಾಗಿಸಿಯೇ ಒಳಹೋಗಬೇಕು. ಕಿಟಕಿಗಳು ಕಡಮೆ, ಬೆಳಕು ಮಂದ. ನಡುವೆ ಜರಡಿ ಹಿಡಿದ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಹದಮಾಡಿರುತ್ತಾರೆ. ಬಿದ್ದವನ ಮೈ ತರಚಿದರೆ ಕೀವಾಗಬಾರದೆಂಬುದು ಹಿರಿಯರ ತಿಳಿವು. ಗೋಡೆಯಲ್ಲಿ ಆಂಜನೇಯನ ಪಟ, ಮೂಲೆಯಲ್ಲಿ ಗದೆ, ಕಲ್ಲಿನ ಗುಂಡು. ದಂಡ, ಬಸ್ಕಿಗಳಿಂದ ಸಾಮು ಮೊದಲಾಗಿ ಪಟ್ಟುಗಳಲ್ಲಿ ಮುಗಿಯುತ್ತದೆ. ಕಲಿಸುವವನು ಉಸ್ತಾದ. ಅವನಿಗೆ ಸಂಬಳವಿಲ್ಲ, ಹಬ್ಬದಲ್ಲೊಂದು ಪಂಚೆ, ಕುಸ್ತಿ ಗೆದ್ದ ಶಿಷ್ಯನು ತಂದು ಇಡುವ ಹಣ್ಣು ತೆಂಗಿನಕಾಯಿ, ಊರವರ ಗೌರವ, ಇಷ್ಟೇ.

ಈ ಮನೆಯಲ್ಲಿ ಆಡುವ ಮಾತನ್ನು ಕೇಳಿದರೂ ಚರಿತ್ರೆ ತಿಳಿಯುತ್ತದೆ. ಉಸ್ತಾದ, ಪೈಲ್ವಾನ ಎಂಬ ಶಬ್ದಗಳು ಪಾರಸಿಯಿಂದ ಬಂದವು, ಜಟ್ಟಿಯೆಂಬುದು ಸಂಸ್ಕೃತದ ಜ್ಯೇಷ್ಠಿಯಿಂದ, ಪಟ್ಟು ನಮ್ಮದೇ. ಹಿಂದು ಮುಸಲ್ಮಾನರಿಬ್ಬರೂ ಒಂದೇ ಮಣ್ಣನ್ನು ಮೈಗೆ ಬಳಿದುಕೊಂಡುದರ ಗುರುತು ಆ ಮಾತುಗಳಲ್ಲಿ ಉಳಿದಿದೆ. ಮೇಲಾಗಿ ಗರಡಿಯ ಹುಡುಗರು ಕುಸ್ತಿಗೆ ಮಾತ್ರ ಮೀಸಲಾಗಿರಲಿಲ್ಲ. ತೇರಿನ ಮಿಣಿ ಹಿಡಿಯುವುದು, ಜಾತ್ರೆಯ ನೂಕುನುಗ್ಗಲನ್ನು ತಡೆಯುವುದು, ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡುವುದು, ಇವೂ ಅವರ ಪಾಲಿನ ಕೆಲಸವಾಗಿದ್ದುವು. ಆಟಕ್ಕೂ ಸೇವೆಗೂ ನಡುವೆ ಅವರು ಗೆರೆಯೆಳೆದಿರಲಿಲ್ಲ.

ಆದರೆ ಹಿಂದಿನದೆಲ್ಲ ಚಿನ್ನವೆಂದು ಹೇಳಿ ಮುಗಿಸುವುದು ಚರಿತ್ರೆಯ ವಿದ್ಯಾರ್ಥಿಗೆ ಸಲ್ಲದು. ಕೇರಿಗೊಂದು ಗರಡಿ ಇತ್ತೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕೇರಿಗೊಂದು ಏಕೆ ಬೇಕಾಯಿತೆಂದು ಕೇಳಿಕೊಳ್ಳುವುದಿಲ್ಲ. ಒಂದು ಕೇರಿಯವನು ಇನ್ನೊಂದು ಕೇರಿಯ ಮಟ್ಟಿಗೆ ಇಳಿಯಲಾಗದಿದ್ದುದೂ ಅದಕ್ಕೊಂದು ಕಾರಣ. ಹೆಂಗಸರಿಗಂತೂ ಆ ಹೊಸ್ತಿಲೇ ನಿಷಿದ್ಧವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲಕ್ಕೆ ಇಂಗ್ಲಿಷ್ ಶಾಲೆಗಳು ಪಟ್ಟಣಗಳಿಗೆ ಬಂದುವು. ಅವುಗಳೊಡನೆ ಗಂಟೆ ಬಂದಿತು, ಕ್ರಿಕೆಟ್ಟು ಫುಟ್‌ಬಾಲುಗಳು ಬಂದುವು. ಶಾಲೆಗೆ ಹೋಗುವ ಹುಡುಗನು ಗರಡಿಯನ್ನು ಒರಟರ ಠಾವೆಂದು ಎಣಿಸತೊಡಗಿದನು. ಗರಡಿಯವನು ಶಾಲೆಯ ಹುಡುಗನನ್ನು ಕಡ್ಡಿಯೆಂದು ನಕ್ಕನು. ಊರ ತರುಣರು ಎರಡು ಪಂಗಡವಾದರು. ಈ ಬಿರುಕನ್ನು ಬೆಸೆಯಲು ಯತ್ನಿಸಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನೆನೆಯಬೇಕು. ಪಾಶ್ಚಾತ್ಯ ದೇಹದಾರ್ಢ್ಯದ ಕ್ರಮವನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದ ಅವರ ವ್ಯಾಯಾಮಶಾಲೆಯು ಅಂಚೆಯ ಮೂಲಕವೂ ದೂರದ ಊರುಗಳ ತರುಣರನ್ನು ಮುಟ್ಟಿತು. ಅವರೇ ‘ಶಾಂತಲಾ’ ಕಾದಂಬರಿಯನ್ನು ಬರೆದರು. ನಾಟಕ ತಂಡವನ್ನು ಕಟ್ಟಿದರು. ಕೈಲಾಸಂ ಅವರ ಗೆಳೆಯರಾಗಿದ್ದರು. ತೋಳಿಗೂ ತಲೆಗೂ ವೈರವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಇನ್ನು ಸ್ಕೌಟು ಚಳವಳಿಯ ಮಾತು. ಬೇಡನ್ ಪೊವೆಲ್ಲರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಬಿಡಾರವನ್ನು ಹೂಡಿದರು. ಮರುವರುಷ ಅವರ ಪುಸ್ತಕ ಹೊರಬಿದ್ದಿತು. 1909ರಲ್ಲಿಯೇ ಆ ಚಳವಳಿ ಭರತಖಂಡವನ್ನು ಮುಟ್ಟಿತು. ಮುಟ್ಟಿದುದು ನಮ್ಮ ಬೆಂಗಳೂರಿನಲ್ಲಿ, ಕ್ಯಾಪ್ಟನ್ ಬೇಕರ್ ಎಂಬವರ ಮೂಲಕ. ಆದರೆ ಆ ದಳವು ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರದಾಗಿತ್ತು. ದಿನಕ್ಕೊಂದು ಸತ್ಕಾರ್ಯ ಮಾಡಬೇಕೆಂದು, ಎಲ್ಲರಿಗೂ ಗೆಳೆಯನಾಗಿರಬೇಕೆಂದು ಬೋಧಿಸುವ ದಳದೊಳಕ್ಕೆ ಆ ನಾಡಿನ ಮಕ್ಕಳಿಗೇ ಪ್ರವೇಶವಿರಲಿಲ್ಲ! ಗರಡಿಯ ಹೊಸ್ತಿಲಲ್ಲಿ ಜಾತಿ ಕಾವಲು ನಿಂತಿದ್ದರೆ ಇಲ್ಲಿ ಬಣ್ಣ ನಿಂತಿತ್ತು.

ಆ ಬಾಗಿಲನ್ನು ನಮ್ಮವರು ಕಾಯುತ್ತ ಕೂಡಲಿಲ್ಲ. ಮುಂದೆ ನ್ಯಾಯಮೂರ್ತಿಗಳೆಂದು ಹೆಸರಾದ ವಿವಿಯನ್ ಬೋಸರು ಭಾರತೀಯ ಬಾಲಕರಿಗೆ ಸ್ಕೌಟು ಶಿಕ್ಷಣ ಆರಂಭಿಸಿದರು. 1916ರಲ್ಲಿ ಆನಿ ಬೆಸೆಂಟರು ಅರುಂಡೇಲರೊಡನೆ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸ್ಕೌಟು ಸಂಘವನ್ನು ಸ್ಥಾಪಿಸಿದರು. ಅಲಹಾಬಾದಿನಲ್ಲಿ ಮಾಲವೀಯ, ಕುಂಜ್ರೂ, ಬಾಜಪೇಯಿಗಳ ಸೇವಾ ಸಮಿತಿಯೂ ತನ್ನದೇ ದಳವನ್ನು ಕಟ್ಟಿತು. 1921ರಲ್ಲಿ ಬೇಡನ್ ಪೊವೆಲ್ಲರು ಇಲ್ಲಿಗೆ ಬಂದಾಗ ಬೆಸೆಂಟರ ಸಂಘವು ಮೂಲ ಚಳವಳಿಯೊಡನೆ ಕೂಡಿತು. ಪೂರ್ಣ ಐಕ್ಯಕ್ಕೆ ಸ್ವಾತಂತ್ರ್ಯವೇ ಬರಬೇಕಾಯಿತು: 1950ರ ನವೆಂಬರ್ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾಯಿತು, ಬಾಲಕಿಯರ ಗೈಡು ಸಂಘವು 1951ರಲ್ಲಿ ಅದರೊಡನೆ ಬೆರೆಯಿತು. ಚಿಕ್ಕ ಪಟ್ಟಣದ ಹುಡುಗನಿಗೆ ಈ ಚಳವಳಿ ಕೊಟ್ಟುದೇನು? ಹಗ್ಗದ ಗಂಟು, ಗಾಯಕ್ಕೆ ಕಟ್ಟು, ಬಯಲಿನಲ್ಲಿ ಬಿಡಾರ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ತಾಯಿಗೆ ಒಪ್ಪಿಸುವ ಹೆಮ್ಮೆ. ಗರಡಿಯ ಹುಡುಗರು ಅಭ್ಯಾಸಬಲದಿಂದ ಮಾಡುತ್ತಿದ್ದ ಸೇವೆಯನ್ನು ಸ್ಕೌಟು ಪ್ರತಿಜ್ಞೆಯಿಂದ ಮಾಡಿದನು. ಬೇರೆ ಬೇರೆ ಕೇರಿಯ ಹುಡುಗರು ಒಂದೇ ಗುಡಾರದಲ್ಲಿ ಮಲಗಿ ಒಂದೇ ಒಲೆಯ ಅನ್ನ ಉಂಡರೆಂಬುದೂ ಸಣ್ಣ ಮಾತಲ್ಲ.

ಸಂಸ್ಥಾನದ ಗಡಿಯಾಚೆ, ಮುಂಬಯಿ ಕರ್ನಾಟಕದಲ್ಲಿ ಇದೇ ಶಕ್ತಿ ಬೇರೊಂದು ದಾರಿ ಹಿಡಿಯಿತು. ಅಮೆರಿಕದಲ್ಲಿ ಓದಿ 1921ರಲ್ಲಿ ಮರಳಿದ ವೈದ್ಯ ನಾರಾಯಣ ಸುಬ್ಬರಾವ್ ಹರ್ಡೀಕರರು ಹುಬ್ಬಳ್ಳಿಯಲ್ಲಿ ತರುಣರ ಪಡೆಯೊಂದನ್ನು ಕಟ್ಟಿದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಹೋದ ಹುಬ್ಬಳ್ಳಿಯ ತರುಣರು ಕ್ಷಮಾಪಣೆ ಬರೆದುಕೊಡದೆ ದೃಢರಾಗಿ ನಿಂತುದು ದೇಶದ ಕಣ್ಣಿಗೆ ಬಿದ್ದಿತು. ಅದೇ ವರುಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳದ ಸ್ಥಾಪನೆಯಾಯಿತು. 1924ರಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಅಧಿವೇಶನದಲ್ಲಿ ನೀರು, ನೈರ್ಮಲ್ಯ, ವ್ಯವಸ್ಥೆಗಳ ಭಾರವನ್ನು ಸ್ವಯಂಸೇವಕರು ಹೊತ್ತರು. ಉಮಾಬಾಯಿ ಕುಂದಾಪುರ ಅವರು ಮಹಿಳಾ ಸ್ವಯಂಸೇವಕಿಯರನ್ನು ಮನೆಗಳಿಂದ ಹೊರತಂದು ಆ ಬಯಲಿಗೆ ಕರೆತಂದರು. ಅವರ ಭಗಿನಿ ಮಂಡಲವು ಹೆಣ್ಣುಮಕ್ಕಳ ಬಿಡುವಿಗೆ ಅಡಿಗೆಮನೆಯ ಆಚೆ ಒಂದು ಎಡೆಯನ್ನು ತೋರಿಸಿತು. 1932ರಲ್ಲಿ ಸರ್ಕಾರವು ಸೇವಾದಳವನ್ನು ನಿಷೇಧಿಸಿತು. ತರುಣರು ಸಂಜೆ ಒಂದೆಡೆ ಕಲೆತು ಕವಾಯತು ಮಾಡುವುದು, ಚರಂಡಿ ಬಳಿಯುವುದು ಅಧಿಕಾರಕ್ಕೆ ಅಂಜಿಕೆಯನ್ನುಂಟುಮಾಡಬಲ್ಲದೆಂಬುದನ್ನು ಈ ನಿಷೇಧವೇ ಹೇಳುತ್ತದೆ.

ಮೈಗೆ ಗರಡಿ, ಸೇವೆಗೆ ದಳ, ಬುದ್ಧಿಗೇನು? ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯಗಳು ಹುಟ್ಟಿದುವಲ್ಲದೆ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕ ಭಂಡಾರಗಳೂ ಏರ್ಪಟ್ಟುವು. ದೊಡ್ಡ ನಗರದ ಈ ಮೇಲ್ಪಂಕ್ತಿಯನ್ನು ನೋಡಿ ಸಣ್ಣ ಪಟ್ಟಣಗಳಲ್ಲಿ ವಕೀಲರು, ಉಪಾಧ್ಯಾಯರು, ವರ್ತಕರು ಚಂದಾ ಎತ್ತಿ ವಾಚನಾಲಯಗಳನ್ನು ತೆರೆದರು. ಒಂದು ಕೊಠಡಿ, ಉದ್ದನೆಯ ಮೇಜು, ನಾಲ್ಕು ಪತ್ರಿಕೆ, ಒಂದು ಲಾಂದ್ರ. ಓದುಬಾರದವರಿಗೆ ಓದಿಬಲ್ಲವನು ಗಟ್ಟಿಯಾಗಿ ಓದಿ ಹೇಳುತ್ತಿದ್ದನು.

ಆ ಓದುಬಾರದವರನ್ನು ಓದುಬಲ್ಲವರನ್ನಾಗಿ ಮಾಡುವ ಕೆಲಸವನ್ನು 1940ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಕೊಂಡರು. ಅದರಿಂದ ಬೆಳೆದ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ಪತ್ರಿಕೆಯನ್ನು ನಡೆಸಿತು. ಆ ದಶಕದ ಕೊನೆಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆಯಿತು. ಇದಕ್ಕೆ ಮಾದರಿ ದೂರದ ಡೆನ್ಮಾರ್ಕ್. ಅಲ್ಲಿ ಗ್ರುಂಟ್‌ವಿಗ್ ಎಂಬ ಧರ್ಮಗುರುವಿನ ಭಾವನೆಯಂತೆ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ಪ್ರೌಢಶಾಲೆ ಆರಂಭವಾಗಿತ್ತು. ರೈತರ ಮಕ್ಕಳು ಕೆಲವು ತಿಂಗಳು ಒಟ್ಟಿಗೆ ವಾಸಿಸಿ ಚರಿತ್ರೆ, ಹಾಡು, ಕಸಬುಗಳನ್ನು ಕಲಿತು ಹಳ್ಳಿಗೆ ಮರಳುತ್ತಿದ್ದರು. ಪರೀಕ್ಷೆಯಿಲ್ಲ, ಪದವಿಯಿಲ್ಲ. ಪರೀಕ್ಷೆಯೊಂದನ್ನೇ ವಿದ್ಯೆಯ ಗುರಿಯೆಂದು ನಂಬಿದ ನಮ್ಮಂಥ ಕಾಲೇಜಿನವರಿಗೆ ಈ ಕೊನೆಯ ಅಂಶ ಇಂದಿಗೂ ಪಾಠವಾಗಿದೆ.

ಈ ಎಲ್ಲ ಯತ್ನಗಳ ಬೆನ್ನಿಗೆ ಒಬ್ಬೊಬ್ಬ ವ್ಯಕ್ತಿಯ ಹಠವಿದ್ದಿತು. ನಮ್ಮ ಸಂಸ್ಥಾನದ ಬಾನುಲಿಯನ್ನೇ ನೋಡಿರಿ. 1935ರ ಸೆಪ್ಟೆಂಬರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಚಿಕ್ಕದೊಂದು ಪ್ರೇಷಕ ಯಂತ್ರವನ್ನಿಟ್ಟುಕೊಂಡು ಅದನ್ನು ಆರಂಭಿಸಿದರು. ಉದ್ಯಾನಗಳಲ್ಲಿ ನಿಲ್ಲಿಸಿದ ಧ್ವನಿವರ್ಧಕದ ಕೆಳಗೆ ಹುಲ್ಲಿನ ಮೇಲೆ ಕುಳಿತು ಊರೇ ಸಂಗೀತ ಕೇಳುವ ಕಾಲವೊಂದು ಅದರಿಂದ ಬಂದಿತು. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರ ಸಂಘಗಳಿಗೆ ಅಡಿಪಾಯ ಹಾಕಿದರೆ, ಅದೇ ಊರಿನಲ್ಲಿ ನೆಲೆಸಿದ ಶಿವರಾಮ ಕಾರಂತರು ‘ಬಾಲವನ’ವೆಂಬ ತಮ್ಮ ತಾಣದಲ್ಲಿ ಮಕ್ಕಳಿಗೆ ಆಟ, ನಾಟಕ, ಕುಣಿತಗಳ ಮೂಲಕ ಶಿಕ್ಷಣ ಕೊಡುವ ಪ್ರಯೋಗವನ್ನು ನಡೆಸಿದರು. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡೆಂಬ ಪುಟ್ಟ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರೂ ಗೆಳೆಯರೂ ಸೇರಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವನ್ನು ಕಟ್ಟಿದರು. ಅಡಕೆ ತೋಟದ ಕೆಲಸ ಮುಗಿಸಿ ಬಂದವರು ಬಣ್ಣ ಹಚ್ಚಿದ ಆ ಸಂಘವು 1973ರಲ್ಲಿ ಚಲನಚಿತ್ರ ಸಮಾಜವನ್ನೂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ ‘ತಿರುಗಾಟ’ವನ್ನೂ ಹುಟ್ಟುಹಾಕಿತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. 2005ರಲ್ಲಿ ಅವರು ತೀರಿಕೊಂಡ ಮೇಲೂ ‘ನೀನಾಸಮ್’ ನಡೆದುಬಂದಿದೆ. ಸ್ಥಾಪಕನನ್ನು ಕಳೆದುಕೊಂಡ ಮೇಲೂ ಬಾಳುವ ಸಂಘಗಳು ನಮ್ಮಲ್ಲಿ ಎಣಿಕೆಯವು.

ಸ್ವಾತಂತ್ರ್ಯಾನಂತರ ಈ ಹೊಣೆಯ ದೊಡ್ಡ ಪಾಲನ್ನು ಸರ್ಕಾರವು ವಹಿಸಿಕೊಂಡಿತು. 1965ರ ಸಾರ್ವಜನಿಕ ಗ್ರಂಥಾಲಯ ಶಾಸನವು ಪುಸ್ತಕಕ್ಕಾಗಿ ಉಪಕರ ವಿಧಿಸುವ ಅಧಿಕಾರವನ್ನು ಕೊಟ್ಟಿತು. ಚಂದಾ ಪಟ್ಟಿ ಹಿಡಿದು ಮನೆಮನೆ ತಿರುಗುವ ಕಾಲ ಮುಗಿಯಿತು. 1969ರಲ್ಲಿ, ಗಾಂಧಿಯವರ ಜನ್ಮಶತಮಾನೋತ್ಸವದ ವರುಷ, 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಮೊದಲಾಯಿತು. 1972ರಲ್ಲಿ ಶಾಲೆ ಬಿಟ್ಟ ಹಳ್ಳಿಯ ತರುಣರಿಗಾಗಿ ನೆಹರೂ ಯುವ ಕೇಂದ್ರಗಳು ಬಂದುವು. 1985ರಲ್ಲಿ ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು ಕರ್ನಾಟಕದಲ್ಲಿ ಪ್ರತ್ಯೇಕ ಶಾಸನವೇ ಆಯಿತು. ಬಯಲನ್ನು ಉಳಿಸಲು ಶಾಸನ ಬೇಕಾಯಿತೆಂದರೆ, ಬಯಲು ಎಷ್ಟು ವೇಗವಾಗಿ ಕಣ್ಮರೆಯಾಗುತ್ತಿತ್ತೆಂಬುದನ್ನು ಊಹಿಸಬಹುದು.

ಸರ್ಕಾರದ ಕೈಗೆ ಹೋದುದೆಲ್ಲ ಕೆಟ್ಟಿತೆಂದು ನಿಟ್ಟುಸಿರು ಬಿಡುವುದು ನಮ್ಮ ಮಧ್ಯಮ ವರ್ಗದ ವಾಡಿಕೆ. ನಾವು ಆ ಮಾತನ್ನು ಒಪ್ಪಲಾರೆವು. ಚಂದಾದಾರರ ವಾಚನಾಲಯದಲ್ಲಿ ಕೂಲಿಯವನ ಮಗನು ಬಾಗಿಲಲ್ಲಿ ನಿಂತು ಒಳಗಣವರ ಮುಖ ನೋಡಬೇಕಾಗಿತ್ತು. ಸರ್ಕಾರದ ಗ್ರಂಥಾಲಯದಲ್ಲಿ ಅವನು ಯಾರ ಮುಖವನ್ನೂ ನೋಡದೆ ಬೆಂಚಿನ ಮೇಲೆ ಕೂಡಬಹುದು. ದಯೆಯಾಗಿದ್ದುದು ಹಕ್ಕಾಯಿತು. ಇದು ಸಾಮಾನ್ಯ ಲಾಭವಲ್ಲ. ನಷ್ಟವಾದುದು ಬೇರೆಯದು. ಅದನ್ನು ಹೇಳಲು ನಮ್ಮದೇ ಊರಿನ ಒಂದು ಸಂಗತಿಯನ್ನು ಶ್ರೋತೃಗಳ ಮುಂದೆ ಇಡುತ್ತೇವೆ.

ನಾವು ಬೆಳೆದ ಪಟ್ಟಣದಲ್ಲಿ ಗರಡಿಯೊಂದಿತ್ತು. ನಾವು ನೋಡುವ ವೇಳೆಗೆ ಅದರ ಹೆಂಚು ಜಾರಿ ಮಳೆಯ ನೀರು ಮಟ್ಟಿಗೆ ಇಳಿಯುತ್ತಿತ್ತು. ಅದರ ಎದುರಿಗೆ ವಾಚನಾಲಯ. ನಿವೃತ್ತರಾದ ಮೇಷ್ಟರೊಬ್ಬರು ಪ್ರತಿದಿನ ಸಂಜೆ ಐದಕ್ಕೆ ಸೊಂಟದ ಬೀಗದ ಕೈ ತೆಗೆದು ಬಾಗಿಲು ತೆರೆಯುತ್ತಿದ್ದರು; ಎಂಟಕ್ಕೆ ಮುಚ್ಚುತ್ತಿದ್ದರು. ಅವರಿಗೆ ಯಾರೂ ಆ ಕೆಲಸವನ್ನು ವಹಿಸಿರಲಿಲ್ಲ. ನಾವು ಹತ್ತು ಹನ್ನೆರಡು ಹುಡುಗರು ಅಲ್ಲಿಯೇ ಓದಿದೆವು, ಅಲ್ಲಿಯೇ ವಾದಿಸಿದೆವು, ಅಲ್ಲಿಂದಲೇ ಪರೀಕ್ಷೆಗಳಿಗೆ ಹೋದೆವು. ಒಂದು ಸಂಜೆ ನಮ್ಮ ವಯಸ್ಸಿನ ಹುಡುಗಿಯೊಬ್ಬಳು ಬಂದು ಅಂದಿನ ಪತ್ರಿಕೆಯಲ್ಲಿ ಕೆಲಸದ ಪ್ರಕಟಣೆಯೊಂದನ್ನು ನೋಡಬೇಕೆಂದಳು. ಮೇಷ್ಟರು, “ಒಳಗೆ ಬಾಮ್ಮ, ಕೂತು ನೋಡು” ಎಂದು ತಮ್ಮ ಕುರ್ಚಿಯನ್ನೇ ಸರಿಸಿದರು. ನಾವೆಲ್ಲ ಓದುವುದನ್ನು ನಿಲ್ಲಿಸಿ ಅವಳನ್ನು ನೋಡಿದೆವು. ಯಾರೂ ಕೆಟ್ಟ ಮಾತಾಡಲಿಲ್ಲ. ಸುಮ್ಮನೆ ನೋಡಿದೆವು, ಅಷ್ಟೆ. ಅವಳು ನಿಂತಲ್ಲಿಯೇ ಎರಡು ನಿಮಿಷ ಪುಟ ತಿರುವಿ ಹೊರಟುಹೋದಳು. ಮತ್ತೆ ಬರಲಿಲ್ಲ. ಆ ಹೊಸ್ತಿಲಲ್ಲಿ ಯಾವ ನಿಷೇಧವನ್ನೂ ಬರೆದಿರಲಿಲ್ಲ. ಬರೆಯದ ನಿಷೇಧ ನಾವೇ ಆಗಿದ್ದೆವು. ಗರಡಿಯ ಹೊಸ್ತಿಲನ್ನೂ ಬೇಕರ್ ದಳದ ಬಾಗಿಲನ್ನೂ ಕುರಿತು ಇಷ್ಟು ಹೊತ್ತು ನ್ಯಾಯ ಹೇಳಿದ ನಾವು ಇದನ್ನು ಮುಚ್ಚಿಟ್ಟರೆ ಆ ನ್ಯಾಯಕ್ಕೆ ಬೆಲೆಯಿಲ್ಲ.

ಕೆಲವು ವರುಷಗಳಾದ ಮೇಲೆ ಮೇಷ್ಟರು ತೀರಿಕೊಂಡರು. ಬೀಗದ ಕೈ ಕಚೇರಿಯೊಂದರ ಮೇಜಿನ ಖಾನೆಗೆ ಹೋಯಿತು. ಕಚೇರಿಯ ಹೊತ್ತೂ ಊರಿನ ಬಿಡುವಿನ ಹೊತ್ತೂ ಬೇರೆ ಬೇರೆ. ಕಚೇರಿ ಮುಚ್ಚುವಾಗ ಊರಿಗೆ ಬಿಡುವು ಮೊದಲಾಗುತ್ತಿತ್ತು. ವಾಚನಾಲಯವು ಹಗಲು ತೆರೆದು ಸಂಜೆ ಮುಚ್ಚತೊಡಗಿತು. ನಾವು ಗೆಳೆಯರು ಅರ್ಜಿ ಬರೆದೆವು, ಪತ್ರಿಕೆಗೆ ಕಾಗದ ಬರೆದೆವು, ಭಾಷಣಗಳಲ್ಲಿ ಆಕ್ಷೇಪಿಸಿದೆವು. ಇಷ್ಟೆಲ್ಲ ಮಾಡಿದ ಹನ್ನೆರಡು ಜನರಲ್ಲಿ ಒಬ್ಬರೂ, “ಸಂಜೆ ಮೂರು ಗಂಟೆ ನಾವು ಕೂಡುತ್ತೇವೆ, ಬೀಗದ ಕೈ ನಮ್ಮ ವಶ ಕೊಡಿ” ಎಂದು ಕೇಳಲಿಲ್ಲ. ಅದನ್ನು ಕೇಳಿದ್ದರೆ ಕೊಡುತ್ತಿದ್ದರೆಂದೇ ಈಗ ತೋರುತ್ತದೆ.

ಇದೇ ಆ ನಷ್ಟ. ಹಳೆಯ ಸಂಸ್ಥೆಗಳಲ್ಲಿ ಬಾಗಿಲು ಕಿರಿದಾಗಿತ್ತು. ಒಳಗೆ ಒಬ್ಬ ಉಸ್ತಾದನೋ ಮೇಷ್ಟರೋ ಕಾದು ಕುಳಿತಿರುತ್ತಿದ್ದರು. ಹೊಸ ಸಂಸ್ಥೆಗಳಲ್ಲಿ ಬಾಗಿಲು ಅಗಲವಾಯಿತು. ಕಾದು ಕುಳಿತವರು ಎದ್ದುಹೋದರು. ಕಟ್ಟಡ, ಹಣ, ಹಕ್ಕು ಇವನ್ನು ಸರ್ಕಾರ ಕೊಡಬಲ್ಲದು, ಕೊಡಲೇಬೇಕು. ದಿನವೂ ಅದೇ ಗಂಟೆಗೆ ಬಂದು ಹುಡುಗರ ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯನನ್ನು ಯಾವ ಆಜ್ಞೆಯೂ ಸೃಷ್ಟಿಸಲಾರದು. ಅವನು ಊರೊಳಗಿನಿಂದಲೇ ಬರಬೇಕು.

ಆದುದರಿಂದ ನಗರವಾಸಿಗಳಾದ ಶ್ರೋತೃಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮಲ್ಲಿ ಬಹುಮಂದಿಗೆ ಇಂಥ ಒಂದು ಹುಟ್ಟೂರಿದೆ. ವರುಷಕ್ಕೊಮ್ಮೆ ಹಬ್ಬಕ್ಕೋ ತೇರಿಗೋ ಅಲ್ಲಿಗೆ ಹೋಗುತ್ತೀರಿ. ಮುಂದಿನ ಬಾರಿ ಹೋದಾಗ ಮೂರು ಸಂಗತಿಗಳನ್ನು ನೋಡಿ ಬನ್ನಿ. ನೀವು ಆಡಿದ ಬಯಲು ಇನ್ನೂ ಬಯಲಾಗಿಯೇ ಉಳಿದಿದೆಯೇ? ಊರ ಗ್ರಂಥಾಲಯದ ಬೀಗದ ಕೈ ಸಂಜೆ ಆರು ಗಂಟೆಗೆ ಯಾರ ಬಳಿಯಿದೆ? ಹೆಣ್ಣುಮಗಳೊಬ್ಬಳು ಅಲ್ಲಿಗೆ ಬಂದು ಅರ್ಧ ಗಂಟೆ ನಿಶ್ಚಿಂತೆಯಿಂದ ಕುಳಿತು ಓದಬಲ್ಲಳೇ? ಈ ಮೂರಕ್ಕೆ ದೊರೆಯುವ ಉತ್ತರವು ಆ ಊರಿನ ಚರಿತ್ರೆಯ ಮುಂದಿನ ಅಧ್ಯಾಯವೆಂದು ತಿಳಿಯಿರಿ.

ನಾವಂತೂ ಕಳೆದ ಬೇಸಗೆಯಲ್ಲಿ ನಮ್ಮ ಊರಿಗೆ ಹೋಗಿ ಬಂದೆವು. ಗರಡಿಯಿದ್ದೆಡೆ ಈಗ ಅಂಗಡಿಗಳ ಸಾಲು. ವಾಚನಾಲಯದ ಕಟ್ಟಡ ನಿಂತಿದೆ. ಒಳಗಣ ಉದ್ದನೆಯ ಮೇಜೂ ಹಾಗೆಯೇ ಇದೆ. ಸೇತುವೆಯ ಕಟ್ಟೆಯ ಮೇಲೆ ಹುಡುಗರು ಕುಳಿತಿದ್ದರು. ಅವರಲ್ಲೊಬ್ಬನನ್ನು ಮಾತಾಡಿಸಿ ಸಂಜೆ ವಾಚನಾಲಯ ತೆರೆದರೆ ಬರುವೆಯಾ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಯಾರು ತೆರೀತಾರೆ ಸಾರ್?” ಎಂದನು. ನಾವು ಆ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ರಜೆಗೆ ಊರಿಗೆ ಹೋಗುವ ನಾವು ನಾಲ್ಕು ಮಂದಿ ಗೆಳೆಯರು ಈ ಬಾರಿ ಅರ್ಜಿ ಬರೆಯದೆ ಬೀಗದ ಕೈಯನ್ನೇ ಕೇಳುವುದೆಂದು ಗೊತ್ತುಮಾಡಿಕೊಂಡಿದ್ದೇವೆ.